ಸವತಿಗೆ ಹಾಕಿದ ಎಣ್ಣೆ

ಅವರ ಕೈಗಳು ಮೊಣಕೈಯವರೆಗೆ ಸದಾ ಎಣ್ಣೆಯಲ್ಲಿ ಮಿಂಚುತ್ತಿದ್ದವು. ಉಗುರಿನ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬಿಳಿಜೋಳದ ರೊಟ್ಟಿ ಮುರಿಯುವಾಗ ಅದರ ಮೇಲೆ ಹೆಬ್ಬೆರಳಿನ ಗುರುತು ಮೂಡುತ್ತಿತ್ತು. ತಲೆ ಮಾತ್ರ ಒಣಗಿತ್ತು. ಕೂದಲು ಕೆಂಚಗೆ, ಒರಟಾಗಿ, ಜೋಳ ಕೊಯ್ದ ಹೊಲದ ಕೂಳೆಯ ಹಾಗೆ ಎದ್ದು ನಿಂತಿರುತ್ತಿತ್ತು. ಮೋಟಾರಿನ ಒಂದೊಂದು ಕೀಲಿಗೂ ಎಣ್ಣೆ ಕಾಣಿಸುವ ಮನುಷ್ಯ ತನ್ನ ತಲೆಗೆ ಒಂದು ತೊಟ್ಟು ಮುಟ್ಟಿಸುತ್ತಿರಲಿಲ್ಲ. ಆಳಂದಕ್ಕೆ ಹೊಸದಾಗಿ ಬಂದವರು ಇದನ್ನು ನೋಡಿ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ನನಗೆ ಕಾರಣ ಗೊತ್ತಿತ್ತು.

ಅವರು ನಮ್ಮ ಪಕ್ಕದ ಮನೆಯ ಸಾಹುಕಾರರ ಮೋಟಾರಿನ ಡ್ರೈವರು. ನಾನು ಅವರನ್ನು ಡ್ರೈವರಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಂಗೆವ್ವ ಎನ್ನುತ್ತಿದ್ದರು. ಅಫಜಲಪುರದ ಕಡೆ ಭೀಮೆಯ ದಂಡೆಯ ಹಳ್ಳಿಯವರು. ಅಪ್ಪ ಎತ್ತಿನ ದಮಣಿ ಹೊಡೆಯುತ್ತಿದ್ದನಂತೆ, ಮಗ ಮೋಟಾರು ಹಿಡಿದ. ಹಿಂದೆ ಮುಂದೆ ಯಾರೂ ಇರಲಿಲ್ಲ. ಸರಸಂಬಾದಿಂದ ಮದುವೆ ಮಾಡಿಕೊಂಡು ಬಂದ ಹೆಂಡತಿ ಒಬ್ಬಳೇ. ಮಕ್ಕಳಾಗಲಿಲ್ಲ. ಮೋಟಾರು ನಿಲ್ಲುವ ತಗಡಿನ ಚಪ್ಪರದ ಹಿಂದೆ ಒಂದು ಖೋಲಿ ಇತ್ತು, ಅದೇ ಇಬ್ಬರ ಮನೆ. ಆ ಖೋಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಯೆತ್ತರದ ಮಣ್ಣಿನ ಗೋಡೆ.

ಮೋಟಾರಂತೂ ಆಗಲೇ ಹಳತು. ಸೊಲ್ಲಾಪುರ ಬಿಟ್ಟು ವಿಲಾಯತಿಗೆ ಹೊರಟಿದ್ದ ಒಬ್ಬ ದೊರೆಯಿಂದ ಸಾಹುಕಾರರು ಅದನ್ನು ಕೊಂಡು ತಂದಿದ್ದರು. ಕರೀ ಮೈ, ಬಟ್ಟೆಯ ಮೇಲ್ಛಾವಣಿ, ಎರಡು ದೊಡ್ಡ ಹಿತ್ತಾಳೆಯ ದೀಪ. ಗೇರಿನ ಕೋಲು ಒಳಗಿರಲಿಲ್ಲ; ಡ್ರೈವರನ ಬಲಗೈ ಕಡೆ, ಬಾಗಿಲ ಹೊರಗೆ ನಿಂತಿತ್ತು. ಅದನ್ನು ಹಿಡಿದು ಅವರು ಗೇರು ಬದಲಿಸುವುದನ್ನು ನೋಡಲು ಮಂದಿ ಬೀದಿಯಲ್ಲಿ ನಿಲ್ಲುತ್ತಿದ್ದರು. ಅವರಿಗೆ ಮೋಟಾರು ಎಂದರೆ ಹೆಂಗಸು. "ಇಕಿ ಇವತ್ತ ಸಿಟ್ಟಿನ್ಯಾಗ ಅದಾಳ", "ಇಕಿಗೆ ನೀರಡಿಕಿ ಆಗ್ಯಾದ" ಎನ್ನುವರು. ಇದನ್ನೆಲ್ಲ ಕೇಳಿ ಕೇಳಿ ಅವರ ಹೆಂಡತಿ ಮೋಟಾರಿಗೆ ಒಂದು ಹೆಸರು ಇಟ್ಟುಬಿಟ್ಟಿದ್ದಳು: ನನ್ನ ಸವತಿ.

"ಏನ್ರಿ, ನನ್ನ ಸವತಿ ಮೈ ತೊಳದ್ದಾತೇನು? ನನಗೂ ಒಂದು ಕೊಡ ನೀರು ಸೇದಿ ಕೊಡ್ರಿ" ಎಂದು ಖೋಲಿಯಿಂದ ಕೂಗುವಳು. ಅವರು ಮೋಟಾರಿನ ಕೆಳಗಿನಿಂದಲೇ, "ಅವಸರಿಲ್ಲಬೇ" ಎನ್ನುವರು. ಅವರ ಬಾಯಲ್ಲಿ ಎಲ್ಲದಕ್ಕೂ ಅದೇ ಮಾತು. ಸಾಹುಕಾರರು ಹೊಸ್ತಿಲಲ್ಲಿ ಚಡಪಡಿಸುತ್ತ ನಿಂತಿದ್ದರೂ "ಅವಸರಿಲ್ರಿ" ಎಂದೇ.

ನಾನು ಅವರನ್ನು ಸರಿಯಾಗಿ ಕಂಡದ್ದು ನನ್ನ ಬಾಳಿನ ಕೆಟ್ಟ ದಿನ. ನನ್ನನ್ನು ಕೊಟ್ಟದ್ದು ಜೇವರ್ಗಿ ತಾಲೂಕಿನ ನೆಲೋಗಿಗೆ. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ, ಗಂಡ ವಿಷಮಜ್ವರದಿಂದ ತೀರಿಕೊಂಡರು. ಅತ್ತೆಯ ಮನೆಯವರು ಕರ್ಮಗಳು ಮುಗಿದ ಮೇಲೆ ತವರಿಗೆ ಕರೆದುಕೊಂಡು ಹೋಗಿ ಎಂದರು. ನನ್ನ ಅಣ್ಣ ಸಾಹುಕಾರರ ಹತ್ತಿರ ಮುನೀಮ, ಹಾಗಾಗಿ ಸಾಹುಕಾರರು ಮೋಟಾರು ಕಳಿಸಿದರು. ಅಣ್ಣ ಮುಂದೆ ಕೂತ, ನಾನು ಹಿಂದೆ. ಹೆಂಗಸರು ಬಾಗಿಲಲ್ಲಿ ನಿಂತು ಅತ್ತರು, ನನಗೆ ಅಳು ಬರಲಿಲ್ಲ. ಅಣ್ಣನ ಎದುರು ಅತ್ತರೆ ಅವನೂ ಅಳುತ್ತಾನೆ ಎಂದು ಹಲ್ಲು ಕಚ್ಚಿ ಕೂತಿದ್ದೆ. ಭೀಮೆಯಲ್ಲಿ ನೀರು ಇಳಿದಿದ್ದ ಕಾಲ. ನದಿ ದಾಟಿ ಸ್ವಲ್ಪ ದೂರ ಬಂದ ಮೇಲೆ ಒಂದು ಬೇವಿನ ಮರದ ಕೆಳಗೆ ಮೋಟಾರು ನಿಂತಿತು.

"ತಂಗೆವ್ವ, ಇಕಿ ಮೈ ಬಾಳ ಕಾದದ. ಆರೋತನಕ ನಿಲ್ಲಸ್ತೇನಿ" ಎಂದರು. ಆಮೇಲೆ ಅಣ್ಣನಿಗೆ, "ಮುನೀಮರ, ಬರ್ರಿ, ಆ ಬಾವಿ ಕಡಿ ಹೋಗಿ ನೀರು ತರೂಣು" ಎಂದು ಕರೆದುಕೊಂಡು ಹೋದರು.

ಬಾವಿ ದೂರ ಇತ್ತು. ಇಬ್ಬರೂ ಅದರ ಕಟ್ಟೆಯ ಹತ್ತಿರ ನನಗೆ ಬೆನ್ನು ಹಾಕಿ ನಿಂತದ್ದು ಕಾಣುತ್ತಿತ್ತು. ಸುತ್ತ ತೊಗರಿಯ ಹೊಲ, ಒಂದು ನರಪಿಳ್ಳೆ ಇಲ್ಲ. ಆಗ ನನಗೆ ಅಳು ಬಂತು. ಎದೆ ಬಿರಿಯುವ ಹಾಗೆ, ಸೆರಗು ಬಾಯಿಗೆ ತುರುಕಿಕೊಳ್ಳದೆ, ಕೂಗಿ ಅತ್ತೆ. ಅವರು ಕೊಡದೊಂದಿಗೆ ಬಂದಾಗ ನಾನು ಮುಖ ಒರೆಸಿಕೊಂಡು ಕೂತಿದ್ದೆ. ಡ್ರೈವರಣ್ಣ ನನ್ನ ಕಡೆ ನೋಡಲಿಲ್ಲ, ಸಮಾಧಾನದ ಮಾತು ಒಂದೂ ಆಡಲಿಲ್ಲ. ನೀರನ್ನು ಮೋಟಾರಿನ ಮೂತಿಗೆ ಹಾಕುವ ಹಾಗೆ ಮಾಡಿ, ಅಲ್ಲೇ ಬೇವಿನ ಬುಡಕ್ಕೆ ಸುರಿದರು. ಮೋಟಾರು ಕಾದಿರಲಿಲ್ಲ.

ಆ ದಿನದಿಂದ ಅವರು ನನಗೆ ಅಣ್ಣ.

ತವರಿಗೆ ಬಂದ ಮೇಲೆ ನನಗೆ ಕೆಲಸಕ್ಕೇನೂ ಕಡಿಮೆ ಇರಲಿಲ್ಲ. ಬೀಸುವುದು, ಕುಟ್ಟುವುದು, ಅತ್ತಿಗೆಯ ಬಾಣಂತನ, ಎಲ್ಲಾ ನನ್ನದೇ. ಆದರೆ ಮುಂಜಾನೆ ಯಾರಾದರೂ ಊರಿಗೆ ಹೊರಟರೆ ನಾನು ಬಾಗಿಲ ಮರೆಗೆ ಸರಿಯಬೇಕು. ಮದುವೆ ಮನೆಯಲ್ಲಿ ಅರಿಸಿನ ಕುಟ್ಟುವಾಗ ನಾನು ಹಿತ್ತಲಲ್ಲಿ. ಹೀಗಾಗಿ ಹಿತ್ತಲೇ ನನ್ನ ರಾಜ್ಯವಾಯಿತು. ಗೋಡೆಯ ಆಚೆ ಡ್ರೈವರಣ್ಣನ ಹೆಂಡತಿ, ಈಚೆ ನಾನು. ಅವಳಿಗೆ ನಾನು ಅಕ್ಕ ಎನ್ನುತ್ತಿದ್ದೆ. ಗೋಡೆಯ ಮೇಲಿಂದ ಉಪ್ಪಿನಕಾಯಿ ಹೋಗುತ್ತಿತ್ತು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಬರುತ್ತಿತ್ತು, ನಗು ಬರುತ್ತಿತ್ತು. ನಾನು ಬಾಯಿ ಜೋರಿನ ಹೆಂಗಸು, ಅವಳು ನನಗಿಂತ ಒಂದು ಕೈ ಹೆಚ್ಚು.

ಅಷ್ಟರಲ್ಲಿ ದೊಡ್ಡ ಯುದ್ಧ ಬಂತು. ಪೆಟ್ರೋಲು ಸಿಗುವುದು ನಿಂತಿತು. ಸಾಹುಕಾರರು ಟಾಂಗಾ ಕಟ್ಟಿಸಿ, ಅದನ್ನು ಹೊಡೆಯಲು ಒಬ್ಬನನ್ನು ಇಟ್ಟುಕೊಂಡರು. ಮೋಟಾರಿನ ಗಾಲಿ ನೆಲಕ್ಕೆ ತಾಗದ ಹಾಗೆ ಕೆಳಗೆ ಕಲ್ಲು ಕೊಟ್ಟು ಚಪ್ಪರದಲ್ಲಿ ನಿಲ್ಲಿಸಿದರು. ಮೋಟಾರಿಲ್ಲದ ಊರಲ್ಲಿ ಡ್ರೈವರನಿಗೆ ಏನು ಕೆಲಸ? ದಂಡಿನವರಿಗೆ ಲಾರಿ ಹೊಡೆಯುವವರು ಬೇಕಾಗಿದ್ದರು. ಡ್ರೈವರಣ್ಣ ಹೆಸರು ಕೊಟ್ಟು ಬಂದರು.

ಹೊರಡುವ ಮುಂಜಾನೆ ನಾನು ಗೋಡೆಯ ಈಚೆ ಮರೆಯಾಗಿ ಕೂತಿದ್ದೆ, ಎದುರಾಗಬಾರದೆಂದು. ಮಾತು ಮಾತ್ರ ಕೇಳುತ್ತಿತ್ತು. ಅಕ್ಕ ಅಳುತ್ತಿದ್ದಳು. ಅವರಿಗೆ ಸಮಾಧಾನದ ಮಾತು ಆಡಲು ಬರುವುದಿಲ್ಲ ಎಂದು ಹೇಳಿದೆನಲ್ಲ. ಏನೂ ತೋಚದೆ ಮೋಟಾರಿನ ವಿಷಯ ತೆಗೆದರು.

"ವಾರಕ್ಕೊಮ್ಮೆ ಇಕಿ ಕೀಲಿಗೆ ಎಣ್ಣಿ ಕಾಣಸು. ಗೇರಿನ ಕೋಲಿನ ಬುಡಕ್ಕ ತೂತು ಅದಲ, ಅದಕ್ಕ ಮರೀಬ್ಯಾಡ. ನಾ ಬಂದು ನೋಡ್ತೇನಿ."

"ನಿಮ್ಮ ಸವತೀನ ನಾ ಉಪವಾಸ ಕೆಡವಂಗಿಲ್ಲ, ಹೋಗ್ರಿ" ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ.

"ನನ್ನ ಸವತಿ ಅಲ್ಲಬೇ, ನಿನ್ನ ಸವತಿ" ಎಂದು ಅವರು ನಕ್ಕರು. ಅವಳೂ ನಕ್ಕಳು. ಹಾಗೆ ನಗುತ್ತಲೇ ಹೋದರು.

ಮುಂದಿನದು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ಮಾತು ತಿಳಿದಿರಬೇಕು. ನಮ್ಮಲ್ಲಿ ಬರೀ ಎಣ್ಣಿ ಎಂದರೆ ಕುಸುಬಿ ಎಣ್ಣೆ. ಒಗ್ಗರಣೆಗೆ ಅದೇ, ದೀಪಕ್ಕೆ ಅದೇ, ತಲೆಗೆ ಅದೇ. ಬೇರೆ ಯಾವುದಾದರೂ ಆದರೆ ಹೆಸರು ಹಿಡಿದು ಹೇಳಬೇಕು: ಔಡಲೆಣ್ಣೆ, ಶೇಂಗಾ ಎಣ್ಣೆ, ಸೀಮೆಎಣ್ಣೆಯಾದರೆ ಗ್ಯಾಸೆಣ್ಣೆ. ಅವರ ಖೋಲಿಯ ಗೋಡೆಯ ಗೂಡಿನಲ್ಲಿ, ಮಾಡದಲ್ಲಿ, ಒಂದು ತಗಡಿನ ಡಬ್ಬಿ ಇರುತ್ತಿತ್ತು. ಅದರಲ್ಲಿದ್ದ ದಪ್ಪನೆಯ ದ್ರವಕ್ಕೆ ಡ್ರೈವರಣ್ಣ ದಿನಾಲು ಆಯಿಲ್ ಎನ್ನುತ್ತಿದ್ದರು. ಹೊರಡುವ ದಿನ ಮಾತ್ರ, ಹೆಂಡತಿಯ ಜೊತೆ ಹೆಂಡತಿಯ ಭಾಷೆಯಲ್ಲಿ ಮಾತಾಡಿ, ಎಣ್ಣಿ ಎಂದರು.

ಅಕ್ಕ ಸೋಮವಾರ ಹಿಡಿದಳು. ತಲೆ ಎರೆದುಕೊಂಡು, ದೇವರ ದೀಪಕ್ಕೆ ಎಣ್ಣೆ ಹಾಕಿ, ಅದೇ ಗಿಂಡಿ ಹಿಡಿದು ಚಪ್ಪರಕ್ಕೆ ಹೋಗುವಳು. ಬಾಗಿಲ ತಿರುಗಣೆಗೆ, ಬಟ್ಟೆಯ ಹುಡ್ಡಿನ ಕೊಂಡಿಗೆ, ಎಲ್ಲಕ್ಕಿಂತ ಹೆಚ್ಚು ಗೇರಿನ ಕೋಲಿನ ಬುಡದ ತೂತಿಗೆ. ಗೋಡೆಯ ಮೇಲಿಂದ ನಾನು ನೋಡುತ್ತಿದ್ದೆ. ನನಗೂ ಮೋಟಾರಿನದು ಏನು ತಿಳಿಯಬೇಕು? ಬಂಡಿಯ ಕೀಲಿಗೆ ಎಣ್ಣೆ ಹಾಕುತ್ತಾರೆ, ಮೋಟಾರಿನ ಕೀಲಿಗೂ ಹಾಕುತ್ತಾರೆ ಎಂದುಕೊಂಡಿದ್ದೆ.

ಯುದ್ಧ ಎಳೆಯಿತು. ಗಾಣದಲ್ಲಿ ಕುಸುಬಿ ಕಾಣದಾಯಿತು. ಸಾಹುಕಾರರ ಮನೆಯಲ್ಲೇ ದೀಪ ಬೇಗ ಆರಿಸುತ್ತಿದ್ದರು, ಇನ್ನು ಅಕ್ಕನ ಮಾತೇನು. ರೊಟ್ಟಿಗೆ ಹಿಂಡಿ ಹಚ್ಚಿಕೊಂಡು, ಮೇಲೆ ಹನಿ ಎಣ್ಣೆ ಇಲ್ಲದೆ, ನೀರು ಕುಡಿದು ನುಂಗುತ್ತಿದ್ದಳು. ಸೋಮವಾರದ ಗಿಂಡಿ ಮಾತ್ರ ತಪ್ಪಲಿಲ್ಲ. ಒಂದು ಸಲ ನೋಡುತ್ತೇನೆ, ಅವಳ ತಲೆ ಒಣಗಿ ಜಡೆ ಹಗ್ಗದ ಹಾಗೆ ಆಗಿದೆ. ನನಗೆ ತಡೆಯಲಿಲ್ಲ.

"ಯಕ್ಕಾ, ಆ ಕಬ್ಬಿಣಕ್ಕ ಯಾಕ ಸುರೀತಿ? ಮೊದಲ ನಿನ್ನ ತಲಿ ನೋಡ್ಕೊ. ಗುಬ್ಬಿ ಗೂಡು ಆಗ್ಯಾದ."

"ನನ್ನ ತಲಿ ನೋಡೋರು ಊರಾಗಿಲ್ಲ ತಂಗೀ" ಎಂದಳು. "ಸವತಿ ತಲಿ ಒಣಗಿದ್ರ ಬಂದು ನನ್ನ ಬೈತಾರ. ನಂದೇನು, ಅವ್ರು ಬಂದ ಮ್ಯಾಲ ಹಚ್ಕೊತೇನಿ."

ಅವರು ಬರುವ ಮೊದಲೇ ಅವಳು ಹೋದಳು. ಆ ವರ್ಷ ನಮ್ಮ ಓಣಿಯಲ್ಲಿ ಜ್ವರ ಹೊಕ್ಕು ಹಲವು ಮನೆ ಬರಿದಾದವು. ಅವಳಿಗೆ ಗಂಜಿ ಕುಡಿಸಿದವಳು ನಾನು, ಕಣ್ಣು ಮುಚ್ಚಿದವಳೂ ನಾನು. ಡ್ರೈವರಣ್ಣ ಎಲ್ಲೋ ಮೂಡಣದ ಕಾಡಿನಲ್ಲಿ ಲಾರಿ ಹೊಡೆಯುತ್ತಿದ್ದರು. ಸುದ್ದಿ ಮುಟ್ಟಿತಂತೆ, ರಜೆ ಸಿಗಲಿಲ್ಲವಂತೆ. ಸರಸಂಬಾದಿಂದ ಅವಳ ತಮ್ಮಂದಿರು ಬಂದು ಮಣ್ಣು ಮಾಡಿ ಹೋದರು.

ಯುದ್ಧ ಮುಗಿದು ಅವರು ಬಂದರು. ದಂಡಿನವರ ಹಾಗೆ ಕೂದಲು ಗಿಡ್ಡ ಕತ್ತರಿಸಿ, ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದರು. ಗಂಟು ಹೊತ್ತು ನೇರ ಚಪ್ಪರಕ್ಕೆ ಹೋದರು. ಖೋಲಿಯ ಬಾಗಿಲು ತೆಗೆಯಲಿಲ್ಲ. ಮೋಟಾರಿನ ಮೇಲಿನ ಗೋಣಿ ಸರಿಸಿ, ಅದರ ಸುತ್ತ ತಿರುಗಿ, ಅಲ್ಲೇ ನೆಲದ ಮೇಲೆ ಕೂತರು. ಗೋಡೆಯ ಈಚೆಯಿಂದ ನೋಡಿ ನನಗೆ ಮೈಯೆಲ್ಲ ಉರಿಯಿತು. ಹೆಂಡತಿ ಸತ್ತ ಮನೆಗೆ ಬಂದು ಮೋಟಾರಿನ ಯೋಗಕ್ಷೇಮ ಕೇಳುವ ಗಂಡಸು! ನಾನು ಮಾತಾಡಿಸಲಿಲ್ಲ. ಅವರೂ ಯಾರನ್ನೂ ಮಾತಾಡಿಸಲಿಲ್ಲ. ಓಣಿಯವರು ಬಂದು ಅಕ್ಕನ ಮಾತು ತೆಗೆದರೆ ಎದ್ದು ಬೇರೆ ಕಡೆ ಹೋಗುತ್ತಿದ್ದರು. ಜನ ಬರುವುದು ಬಿಟ್ಟರು. ಖೋಲಿಯಲ್ಲಿ ಒಲೆ ಹೊತ್ತಿದ ಹೊಗೆ ದಿನಕ್ಕೊಮ್ಮೆ ಕಾಣುತ್ತಿತ್ತು, ಅಷ್ಟೇ.

ಪೆಟ್ರೋಲು ಮತ್ತೆ ಅಷ್ಟಿಷ್ಟು ಬರತೊಡಗಿತ್ತು. ಅವರು ಯಂತ್ರದ ಒಂದೊಂದೇ ಭಾಗ ಬಿಚ್ಚಿ, ತೊಳೆದು, ಜೋಡಿಸಿ, ಕೆಳಗಿನ ಕಲ್ಲು ತೆಗೆದರು. ಒಂದು ಮುಂಜಾನೆ ಚಪ್ಪರದಲ್ಲಿ ಮೋಟಾರು ಗುಡುಗಿತು. ಸಾಹುಕಾರರು, ನಮ್ಮ ಅಣ್ಣ, ಓಣಿಯ ಅರ್ಧ ಜನ ಓಡಿದರು. ಆದರೆ ಗುಡುಗಿದ್ದೇ ಬಂತು, ಮೋಟಾರು ಒಂದು ಗೇಣು ಸರಿಯಲಿಲ್ಲ. ಗೇರಿನ ಕೋಲು ನಡುವೆ ನಿಂತದ್ದು ಅಲ್ಲೇ ಹಿಡಿದುಕೊಂಡಿತ್ತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಅದು ಹೀಗೆ: ಕೋಲಿನ ಬುಡದಿಂದ ಒಂದು ಕಬ್ಬಿಣದ ಸಳಿ ಮೋಟಾರಿನ ಹೊಟ್ಟೆಯ ಕೆಳಗೆ ಅಡ್ಡ ಹೋಗುತ್ತದೆ. ಅದು ಒಂದು ದಪ್ಪ ಕೊಳವೆಯೊಳಗೆ ಕೂತಿರುತ್ತದೆ. ಕೋಲು ಎಳೆದರೆ ಸಳಿ ಕೊಳವೆಯಲ್ಲಿ ಸರಿಯಬೇಕು, ತಿರುಗಬೇಕು. ಆಗ ಗೇರು ಬೀಳುತ್ತದೆ. ಆ ಸಳಿ ಕೊಳವೆಗೆ ಕಚ್ಚಿಕೊಂಡುಬಿಟ್ಟಿತ್ತು.

ಸಾಹುಕಾರರು ಕೆಟ್ಟವರಲ್ಲ, ಆದರೆ ವ್ಯಾಪಾರಸ್ಥರು. "ನೋಡಪಾ" ಎಂದರು, "ಯುಗಾದಿ ತನಕ ಟೈಮ್ ಕೊಡ್ತೇನಿ. ಆದ್ರ ಆತು. ಇಲ್ಲಂದ್ರ ಸೊಲ್ಲಾಪುರದ ಮೋಡಕಾದವ ಬಂದು ಹಳೀ ಕಬ್ಬಿಣದ ತೂಕಕ್ಕ ಒಯ್ತಾನ. ನಿನ್ನ ಖೋಲೀನೂ ನನಗ ಬೇಕು, ಕುಸುಬಿ ಚೀಲ ಇಡಾಕ ಜಾಗಿಲ್ಲ."

"ಅವಸರಿಲ್ರಿ" ಎಂದರು ಡ್ರೈವರಣ್ಣ. ಆದರೆ ಈ ಸಲ ಆ ಮಾತಿನಲ್ಲಿ ಮೊದಲಿನ ಗತ್ತು ಇರಲಿಲ್ಲ. ಮೋಟಾರು ಮೋಡಕಾಕ್ಕೆ ಹೋದರೆ ಖೋಲಿ ಹೋಯಿತು. ಖೋಲಿಯಲ್ಲಿ ಅಕ್ಕನ ಬೀಸುಕಲ್ಲಿತ್ತು, ಅವಳು ಸಾರಿಸಿದ ಗೋಡೆ ಇತ್ತು, ಮಾಡದಲ್ಲಿ ಬಾಚಣಿಕೆ ಇತ್ತು. ಅವರಿಗೆ ಜಗತ್ತಿನಲ್ಲಿ ಉಳಿದದ್ದು ಅಷ್ಟೇ.

ಗ್ಯಾಸೆಣ್ಣೆ ಸುರಿದು ನೋಡಿದರು. ಮತ್ತೆ ಸುರಿದು ಕಾದರು. ಸಳಿ ಮಿಸುಕಲಿಲ್ಲ. ಓಣಿಯ ಕಂಬಾರ ಬಂದು, "ತಿದಿ ತರ್ತೇನಿ, ಬೆಂಕಿ ಕೊಟ್ಟು ಒಂದು ಏಟು ಹಾಕಿದ್ರ ಬರ್ತದ" ಎಂದ. ಡ್ರೈವರಣ್ಣ ಒಪ್ಪಲಿಲ್ಲ. "ಕೊಳವಿ ಬೀಡುಕಬ್ಬಿಣದ್ದು ಅದ. ಬೆಂಕಿಗೆ ಸೀಳ್ತದ. ಸೀಳಿದ್ರ ವಿಲಾಯತಿಗೆ ಹೋದ್ರೂ ಇಂಥಾದು ಸಿಗಂಗಿಲ್ಲ" ಎಂದರು. ಕಂಬಾರ ಸಿಟ್ಟು ಮಾಡಿಕೊಂಡು ಹೋದ. ಆಮೇಲೆ ದಿನವೂ ಗೋಡೆಯಾಚೆ ಮರದ ಸುತ್ತಿಗೆಯ ಸಣ್ಣ ಸದ್ದು ಕೇಳುತ್ತಿತ್ತು. ಟಕ್ ಟಕ್. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮನುಷ್ಯನ ದನಿಯೇ ಇಲ್ಲದ ಮನೆಯಿಂದ ಬರುವ ಆ ಸದ್ದು ಕೇಳಿದರೆ ನನಗೆ ಕೈಯಲ್ಲಿದ್ದ ಕೆಲಸ ಬೇಡವಾಗುತ್ತಿತ್ತು.

ಯುಗಾದಿ ಹತ್ತಿರ ಬಂತು. ನಾನು ಹಿತ್ತಲಲ್ಲಿ ಹಬ್ಬಕ್ಕೆಂದು ದೀಪದ ಕಂಬಗಳನ್ನು ಬೂದಿ ಹಚ್ಚಿ ತಿಕ್ಕುತ್ತ ಕೂತಿದ್ದೆ. ಗೋಡೆಯ ಮೇಲೆ ಅವರ ತಲೆ ಕಾಣಿಸಿತು. ಬಂದಾಗಿನಿಂದ ನನ್ನ ಜೊತೆ ಆಡಿದ ಮೊದಲ ಮಾತು ಅದು.

"ತಂಗೆವ್ವ, ಇದು ಏನು ನೋಡು."

ಅಂಗೈ ಚಾಚಿದರು. ಅದರ ಮೇಲೆ ಒಂದು ಸಣ್ಣ ಚಕ್ಕೆ. ಬೆಲ್ಲದ ಬಣ್ಣ, ಒಂದು ಕಡೆ ಬಿಸಿಲು ಹಾಯುವಷ್ಟು ತಿಳಿ.

"ಕೊಳವಿ ಬಾಯಾಗ ದಬ್ಬಣ ಹಾಕಿ ಕೆರದೆ, ಇದು ಬಂತು. ನಾ ಇಷ್ಟು ದಿನ ಕಬ್ಬಿಣಕ್ಕ ಜಂಗ ಹಿಡದದ ಅಂತ ತಿಳ್ಕೊಂಡಿದ್ದೆ. ಇದು ಜಂಗ ಅಲ್ಲ. ಯಾರೋ ಬೇಕಂತ ರಾಳ ಕಾಸಿ ಹುಯ್ದಂಗ ಕಾಣ್ತದ. ಆ ಟಾಂಗಾದವಂದೇ ಕೆಲಸ ಇರಬೇಕು." ಆಮೇಲೆ ನೆಲ ನೋಡುತ್ತ ಹೇಳಿದರು, "ಎಣ್ಣಿ ಕಾಣಸು ಅಂತ ಅಕಿಗೆ ಹೇಳಿ ಹೋಗಿದ್ದೆ. ಮಾಡದಾಗಿನ ಡಬ್ಬಿ ಮುಚ್ಚಳಾನೂ ತಗದಿಲ್ಲ ಅಕಿ. ತುಂಬಿದ್ದು ತುಂಬಿದಂಗೇ ಅದ. ಒಂದು ಹನಿ ಹಾಕಿಲ್ಲ."

ಅವರು ಬಂದ ದಿನದಿಂದ ಯಾಕೆ ಬಾಯಿ ಕಟ್ಟಿಕೊಂಡು ಕೂತಿದ್ದರು ಎಂದು ನನಗೆ ಆಗ ತಿಳಿಯಿತು. ಸತ್ತವಳ ಮೇಲೆ ಸಿಟ್ಟು ಮಾಡುವ ಹಾಗಿಲ್ಲ, ಮಾಡದೆ ಇರಲೂ ಆಗಿಲ್ಲ. ನಾನು ಆ ಚಕ್ಕೆ ತೆಗೆದುಕೊಂಡು ಒಲೆಯ ಕೆಂಡಕ್ಕೆ ಹಿಡಿದೆ. ಮೂಗಿಗೆ ಬಂದ ವಾಸನೆ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಕೈಯಲ್ಲಿದ್ದ ದೀಪದ ಬಟ್ಟಲಿನ ತಳದಲ್ಲೂ ಅದೇ ಬಣ್ಣದ ಅಂಟು ಗಟ್ಟಿಯಾಗಿ ಕೂತಿತ್ತು. ಕುಸುಬಿ ಎಣ್ಣೆ ನಿಂತಲ್ಲಿ ನಿಂತರೆ ಒಣಗಿ ಅಂಟಾಗುತ್ತದೆ, ಅಂಟು ಕಲ್ಲಾಗುತ್ತದೆ. ದೀಪ ತಿಕ್ಕುವ ಹೆಂಗಸರೆಲ್ಲರಿಗೂ ಇದು ಗೊತ್ತು.

"ಅಣ್ಣಾ" ಎಂದೆ, "ಇದು ಎಣ್ಣಿ."

"ಏನು?"

"ನೀ ಹೇಳಿ ಹೋಗಿದ್ದೆಲ್ಲ, ಎಣ್ಣಿ ಕಾಣಸು ಅಂತ. ಅಕ್ಕ ಎಣ್ಣೀನೇ ಹಾಕ್ಯಾಳ. ಪ್ರತಿ ಸೋಮವಾರ. ನಾ ಈ ಗ್ವಾಡಿ ಮ್ಯಾಲಿಂದ ನೋಡೇನಿ. ಗಾಣದಾಗ ಎಣ್ಣಿ ಸಿಗಲಾರದಾಗ ಸೈತ ಬಿಟ್ಟಿಲ್ಲ. ತಾ ಒಣಾ ರೊಟ್ಟಿ ತಿಂದಾಳ, ತಲಿಗೆ ಹಚ್ಕೊಳ್ಳೋದು ಬಿಟ್ಟಾಳ, ಸವತಿಗೆ ಹಾಕ್ಯಾಳ. ಅವ್ರು ಬಂದ ಮ್ಯಾಲ ಹಚ್ಕೊತೇನಿ ಅಂತಿದ್ಲು. ಹಂಗೇ ಹೋದ್ಲು, ಒಣಾ ತಲೀಲೇ."

ಅವರು ಗೋಡೆ ಹಿಡಿದು ನಿಂತರು.

"ನಾ ಆಯಿಲ್ ಅನ್ನಬೇಕಿತ್ತು" ಎಂದರು. ಮತ್ತೆ ಅದನ್ನೇ ಹೇಳಿದರು. "ಎಣ್ಣಿ ಅಂದ್ನೆಲ್ಲ ತಂಗೆವ್ವ. ನಾ ಆಯಿಲ್ ಅನ್ನಬೇಕಿತ್ತು."

ನನಗೆ ಭೀಮೆಯ ಈಚೆಯ ಆ ಬೇವಿನ ಮರ ನೆನಪಾಯಿತು. "ಅಣ್ಣಾ, ಈ ಅಂಟು ಬಿಡಿಸೋದು ನನಗ ಗೊತ್ತದ. ಬೂದಿ ನೀರು ಬೇಕು. ಇನ್ನೂ ಕಾಸಬೇಕು, ತಡ ಆಗ್ತದ" ಎಂದು ಹೇಳಿ, ಅವರ ಕಡೆ ತಿರುಗಿ ನೋಡದೆ, ಹಿತ್ತಲ ಆ ತುದಿಯ ಒಲೆಯ ಹತ್ತಿರ ಹೋಗಿ ಬೆನ್ನು ಹಾ‌ಕಿ ನಿಂತೆ. ನೀರು ಆಗಲೇ ಕುದಿಯುತ್ತಿತ್ತು. ಗೋಡೆಯ ಆಚೆ ಒಬ್ಬ ಗಂಡಸು ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಹತ್ತಿಕಟ್ಟಿಗೆಯ ಬೂದಿ, ಒಂದು ಮುಷ್ಟಿ ಸುಣ್ಣ, ಕುದಿಯುವ ನೀರು. ಸೋಸಿ, ಬಿಸಿಯಿರುವಾಗಲೇ ಗೋಡೆಯ ಮೇಲಿಂದ ಕೊಟ್ಟೆ. ಅವರು ಕೊಳವೆಯ ಎರಡೂ ಬಾಯಿಗೆ ಜೇಡಿಮಣ್ಣು ಮೆತ್ತಿ, ಅಕ್ಕ ಎಣ್ಣೆ ಹಾಕುತ್ತಿದ್ದ ಅದೇ ತೂತಿನಿಂದ ಹುಯ್ದರು. ಆರಿದ ಮೇಲೆ ಬಿಟ್ಟು, ಮತ್ತೆ ಬಿಸಿಯದು. ದಿನವೆಲ್ಲ ನಾನು ಕಾಸಿದೆ, ಅವರು ಹುಯ್ದರು. ಅತ್ತಿಗೆ ಒಂದೆರಡು ಸಲ ಕೆಮ್ಮಿದಳು, ನಾನು ಕೇಳಿಸಿಕೊಳ್ಳಲಿಲ್ಲ. ಮೊದಲು ನೀರು ಹೋದ ಹಾಗೇ ಬಂತು. ಮರುದಿನ ಕಂದು ಬಣ್ಣಕ್ಕೆ ತಿರುಗಿ ನೊರೆ ಬಂತು. ಅದರ ಮರುದಿನ ಅವರು ಸಳಿಯ ತುದಿಗೆ ಕಟ್ಟಿಗೆಯ ತುಂಡು ಕೊಟ್ಟು ಮೆಲ್ಲಗೆ ತಟ್ಟಿದರು. ಆ ಸದ್ದು ಬೇರೆ ಇತ್ತು. ನಾನು ಗೋಡೆಗೆ ಓಡಿ ಬಂದೆ.

"ಬಂತೇನಣ್ಣಾ?"

"ಅವಸರಿಲ್ಲ ತಂಗೆವ್ವ" ಎಂದರು ಮೋಟಾರಿನ ಕೆಳಗಿನಿಂದ. ಆಮೇಲೆ, "ಬಿಟ್ಟಾಳ" ಎಂದರು.

ಸಳಿಯನ್ನು ಹೊರಗೆಳೆದು ಬಿಸಿಲಿಗೆ ತಂದರು. ಅದರ ಮೈತುಂಬ ಜೇನಿನ ಬಣ್ಣದ ಪದರ, ಒಂದರ ಮೇಲೊಂದು. ಅವಳ ಸೋಮವಾರಗಳೆಲ್ಲ ಅಲ್ಲಿದ್ದವು. ಅವರು ಅದನ್ನು ಉಗುರಿನಿಂದ, ಬಿದಿರ ಚಕ್ಕೆಯಿಂದ ಕೆರೆದು ತೆಗೆದರು. ಕೆರೆದ ಚೂರನ್ನು ನೆಲಕ್ಕೆ ಬೀಳಗೊಡಲಿಲ್ಲ. ನನ್ನ ಹತ್ತಿರ ಒಂದು ಮಣ್ಣಿನ ಪಣತಿ ಕೇಳಿ ಇಸಿದುಕೊಂಡು ಅದರಲ್ಲಿ ತುಂಬಿ, ಮಾಡದಲ್ಲಿ ಬಾಚಣಿಕೆಯ ಪಕ್ಕ ಇಟ್ಟರು.

ಯುಗಾದಿಯ ಹಿಂದಿನ ದಿನ ಮೋಟಾರು ಚಪ್ಪರದಿಂದ ಹೊರಬಂತು. ಸಾಹುಕಾರರು ಕೂತು ಊರು ಸುತ್ತಿದರು, ಮೋಡಕಾದ ಮಾತು ಮತ್ತೆ ತೆಗೆಯಲಿಲ್ಲ. ಖೋಲಿ ಉಳಿಯಿತು. ಸಾಯಂಕಾಲ ಡ್ರೈವರಣ್ಣ, ಗೇರು ಪರೀಕ್ಷೆ ಮಾಡಬೇಕು ಎಂದು ಹೇಳಿ ಖಾಲಿ ಮೋಟಾರು ತೆಗೆದುಕೊಂಡು ಸರಸಂಬಾದ ದಾರಿ ಹಿಡಿದರು. ಊರ ಹೊರಗೆ ಅಕ್ಕನನ್ನು ಮಣ್ಣು ಮಾಡಿದ ಜಾಗದ ಹತ್ತಿರ ನಿಲ್ಲಿಸಿ ಬಂದರೆಂದು ಕಿಣ್ಣಿ ಸುಲ್ತಾನದಿಂದ ಬರುತ್ತಿದ್ದ ಬಂಡಿಯವರು ಹೇಳಿದರು.

ಮುಂದಿನ ಸೋಮವಾರ ಅವರು ಮಾಡದ ತಗಡಿನ ಡಬ್ಬಿಯನ್ನು ಗೋಡೆಯ ಮೇಲೆ ಇಟ್ಟು ನನ್ನನ್ನು ಕರೆದರು.

"ತಂಗೆವ್ವ, ವಾರಕ್ಕೊಮ್ಮೆ ಇಕಿಗೆ ಆಯಿಲ್ ಹಾಕೋದು ನಿನ್ನ ಕೆಲಸ. ಇದು ಆಯಿಲ್. ಎಣ್ಣಿ ಅಲ್ಲ."

"ನಾನಾ? ಸಾಹುಕಾರರ ಮನ್ಯಾಗಿನವರು ಏನಂದಾರು? ನನ್ನ ಕೈ ಮೋಟಾರಿಗೆ ಹತ್ತಬಾರದು ಅಂತಾರ."

"ಗೇರು ಬೀಳಬೇಕೋ ಬ್ಯಾಡೋ ಅಂತ ಕೇಳ್ತೇನಿ" ಎಂದರು.

ನಿಜಕ್ಕೂ ಕೇಳಿದರಂತೆ. ಅವರೇನೂ ಅನ್ನಲಿಲ್ಲ. ಹೀಗೆ ಸೋಮವಾರ ನನಗೊಂದು ಕೆಲಸವಾಯಿತು. ತವರಿನ ಹತ್ತು ಕೆಲಸದ ನಡುವೆ, ನನ್ನನ್ನೇ ಕರೆದು, ನನಗೇ ಎಂದು ಒಬ್ಬರು ಕೊಟ್ಟ ಕೆಲಸ ಅದೊಂದೇ. ವಾರವಿಡೀ ಹಿತ್ತಲಲ್ಲಿ ಇರುವವಳು ಆ ಒಂದು ದಿನ ಗೋಡೆ ಸುತ್ತಿ, ಬೀದಿಯ ಬಾಗಿಲಿಂದ, ಹಗಲು ಹೊತ್ತಿನಲ್ಲಿ, ಕೈಯಲ್ಲಿ ಡಬ್ಬಿ ಹಿಡಿದು ಹೋಗುತ್ತಿದ್ದೆ. ಇದರ ಋಣ ಎಷ್ಟು ದೊಡ್ಡದು ಎಂದು ಬಾಗಿಲ ಮರೆಯಲ್ಲಿ ಬಾಳಿದವರಿಗೆ ಗೊತ್ತಾಗುತ್ತದೆ.

ಅವರ ತಲೆ ಒಣಗಿದ್ದು ಆ ಯುಗಾದಿಯಿಂದ. ನಾನು ಮೊದಲು ಗಮನಿಸಲಿಲ್ಲ. ಗಮನಿಸಿ ಕೇಳಿದಾಗ, "ಅಕಿ ಬಿಟ್ಟಷ್ಟು ದಿನ ನಾನೂ ಬಿಡ್ತೇನಿ" ಎಂದರು. ಅದು ಎಷ್ಟು ದಿನವೋ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಮುಂದೊಂದು ದೀಪಾವಳಿ ಬಂತು. ಮನೆಮನೆಯಲ್ಲಿ ಹೆಂಗಸರು ಗಂಡಸರನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚುವ ಹೊತ್ತು. ಅವರು ಚಪ್ಪರದಲ್ಲಿ ಒಬ್ಬರೇ ಕೂತು ದೀಪದ ಗಾಜು ಒರೆಸುತ್ತಿದ್ದರು.

"ಅಣ್ಣಾ, ಸಾಕಿನ್ನ. ಅಕ್ಕ ಬಿಟ್ಟದ್ದಕ್ಕಿಂತ ಹೆಚ್ಚಾತು. ಇವತ್ತರೆ ಹಚ್ಕೊ."

ಅವರು ತಲೆ ಎತ್ತದೆ ನಕ್ಕರು. "ಹಚ್ಚೋರು ಯಾರು ತಂಗೆವ್ವ?" ಎಂದರು.

ತಂಗಿ ಎಂದು ಕರೆಸಿಕೊಂಡವಳು ಗೋಡೆಯ ಈಚೆ ನಿಂತಿದ್ದೆ. ನನ್ನ ಕೈಯಲ್ಲೇ ಎಣ್ಣೆಯ ಬಟ್ಟಲಿತ್ತು, ಅಣ್ಣನ ಮಕ್ಕಳಿಗೆಂದು ಅತ್ತಿಗೆಗೆ ಕೊಡಲು ಹೊರಟದ್ದು. ಹಬ್ಬದ ದಿನ ನನ್ನಂಥವಳು ಗಂಡಸಿನ ತಲೆಗೆ ಎಣ್ಣೆ ಹಚ್ಚಿದರೆ ಅವರ ಆಯುಷ್ಯಕ್ಕೇ ಕೆಡುಕು ಎಂದು ಊರು ನಂಬಿತ್ತು. ನಾನೂ ನಂಬಿದ್ದೆ. ಬಟ್ಟಲು ಹಿಡಿದು ಒಳಗೆ ಹೋದೆ.

ನಿಜಾಮರ ರಾಜ್ಯ ಮುಗಿಯಿತೆಂದು ಊರೆಲ್ಲ ಮಾತಾಡುತ್ತಿದ್ದ ಚಳಿಗಾಲದಲ್ಲಿ ಅವರಿಗೆ ಎದೆಯಲ್ಲಿ ನೋವು ಬಂತು. ಖೋಲಿಯಲ್ಲೇ ಮಲಗಿದರು. ಸೋಮವಾರ ನಾನು ಡಬ್ಬಿ ಹಿಡಿದು ಹೋದಾಗ, "ತೂತಿಗೆ ಮರೀಬ್ಯಾಡ" ಎಂದು ಒಳಗಿನಿಂದ ಹೇಳಿದರು. ಅದೇ ಕಡೆಯ ಮಾತು. ಮರುದಿನ ಮುಂಜಾನೆ ಬಾಗಿಲು ತೆರೆಯಲಿಲ್ಲ.

ಮಣ್ಣಿಗೆ ಒಯ್ಯುವ ಮೊದಲು ಅವರನ್ನು ಚಪ್ಪರದ ಮುಂದೆ ಮಣೆಯ ಮೇಲೆ ಕೂರಿಸಿದರು. ನಮ್ಮ ಓಣಿಯ ಪದ್ಧತಿಯಲ್ಲಿ, ಮೈಗೆ ನೀರು ಹಾಕುವ ಮೊದಲು ಹತ್ತಿರದವರು ತಲೆಗೆ ಎಣ್ಣೆ ಮುಟ್ಟಿಸಬೇಕು. ಬಿಸಿನೀರು ಬಂತು, ವಿಭೂತಿ ಬಂತು. ಓಣಿಯ ಹಿರಿಯರೊಬ್ಬರು ಸುತ್ತ ನೋಡಿ ಕೇಳಿದರು, "ಎಣ್ಣಿ ಹಚ್ಚೋರು ಯಾರದಾರ್ರಿ?"

ಸಾಹುಕಾರರು ಆಚೆ ಈಚೆ ನೋಡಿದರು. "ಯಾರಿಲ್ಲಂದ್ರ ಹಂಗೇ ನೀರು ಹಾಕ್ರಿ" ಎಂದರು ಇನ್ನೊಬ್ಬರು.

ನಾನು ಒಳಗೆ ಹೋಗಿ ಬಟ್ಟಲು ತುಂಬಿಸಿಕೊಂಡು, ಬೀದಿಯ ಬಾಗಿಲಿಂದ ಹೊರಗೆ ಬಂದೆ. ಅಣ್ಣ, "ನೀ ಎಲ್ಲಿಗೆ?" ಎಂದು ತಡೆದ. ಹಿರಿಯರು ಕೈ ಎತ್ತಿ, "ಹಚ್ಚಲಿ ಬಿಡ್ರಿ. ಇದಕ್ಕೇನು ಅಡ್ಡಿಲ್ಲ" ಎಂದರು. ಬದುಕಿದ್ದಾಗ ಇದ್ದ ಅಡ್ಡಿ ಈಗ ಇರಲಿಲ್ಲ.

ನೆತ್ತಿಯ ಮೇಲೆ ಸುರಿದು ಬೆರಳಿನಿಂದ ತಿಕ್ಕಿದೆ. ವರ್ಷಗಟ್ಟಲೆ ಒಣಗಿದ ತಲೆ, ಹಾಕಿದ್ದನ್ನೆಲ್ಲ ಕುಡಿಯಿತು. ಕೂದಲು ಮೆಲ್ಲಗೆ ಮಲಗಿತು, ಕಪ್ಪಾಯಿತು. ಬಟ್ಟಲು ಬರಿದಾಯಿತು. ಹಿರಿಯರು, "ಮುಟ್ಟಿಸಿದ್ರ ಸಾಕವ್ವ, ಹೊತ್ತಾಗ್ತದ" ಎಂದರು.

"ಅವಸರಿಲ್ರಿ" ಎಂದೆ. ಮನೆಗೆ ಹೋಗಿ ಮತ್ತೊಂದು ಬಟ್ಟಲು ತಂದೆ.